ಸೀತುವಿಗೆ ತವರಿನ ನೀರು

ತಂಗಿ ತೀರಿಕೊಂಡ ಸುದ್ದಿ ಕರಿಯನಿಗೆ ಪ್ಲಾಸ್ಟಿಕ್ ಕುರ್ಚಿಗಳಿಂದ ತಿಳಿಯಿತು.

ಬೆಳಗಿನ ಗಂಜಿ ಉಂಡು, ಕಡಲ ಕಡೆಗೆ ತಿರುಗಿ ದೈವ ಬೊಬ್ಬರ್ಯನಿಗೆ ಕೈಮುಗಿದು, ಅವನು ಜಗಲಿಯಲ್ಲಿ ಕುಳಿತು ಹಳೆಯ ಬಲೆಯ ಹರಿದ ಕಣ್ಣುಗಳನ್ನು ಕಟ್ಟುತ್ತಿದ್ದ. ಎದುರಿನ ಮರಳು ಓಣಿಯಲ್ಲಿ ಗೂಡ್ಸ್ ರಿಕ್ಷಾವೊಂದು ಬಂದು ನಿಂತಿತು. ಅದರಲ್ಲಿ ಕೆಂಪು ಕುರ್ಚಿಗಳು ಒಂದರೊಳಗೊಂದು ಕೂತು ಆಳೆತ್ತರಕ್ಕೆ ನಿಂತಿದ್ದವು. ಡ್ರೈವರ್ ಇಳಿದು ಆಚೆ ಈಚೆ ನೋಡಿ ಕರಿಯನನ್ನೇ ಕೇಳಿದ.

"ಹ್ವಾಯ್ ಅಜ್ಜಯ್ಯ, ಸೀತಕ್ಕನ ಮನಿ ಯಾವ್ದ್? ಕುರ್ಚಿ ಎಲ್ಲ್ ಇಳ್ಸುದು?"

"ಅಲ್ಲಿಗೆ ಎಂತಕ್ ಕುರ್ಚಿ?"

"ನಿಮ್ಗ್ ಗೊತ್ತಿಲ್ಯಾ? ಆ ಅಮ್ಮ ಬೆಳಗಾಪತಿಗೆ ಹೋದ್ರಂಬ್ರಲೆ."

ಕರಿಯನ ಕೈಯ ಬಲೆಸೂಜಿ ಅಲ್ಲಿಗೇ ನಿಂತಿತು. ಎದ್ದ. ಏಕೆ ಎದ್ದೆನೆಂದು ತಿಳಿಯದೆ ಮತ್ತೆ ಕುಳಿತ. ಕೊನೆಗೆ ಓಣಿಯ ಆಚೆ ಬದಿಯ ಹೆಂಚಿನ ಮನೆಯನ್ನು ಬೆರಳಿನಿಂದ ತೋರಿಸಿ, "ಅದೇ. ನೆಳ್ಳಿಗೆ ಹಾಕ್. ಬಂದವ್ರಿಗೆ ಬಿಸ್ಲಾತ್ತ್" ಎಂದ. ತಂಗಿ ಸತ್ತ ಸುದ್ದಿ ಕೇಳಿದ ಮೇಲೆ ಅವನ ಬಾಯಿಂದ ಬಂದ ಮೊದಲ ಮಾತು ಇಷ್ಟೇ.

ಹೆಣ್ಣುಮಗಳು ತೀರಿಕೊಂಡರೆ ಎಲ್ಲರಿಗಿಂತ ಮೊದಲು ಅವಳ ತವರಿಗೆ ಹೇಳಬೇಕು. ಅದು ಅವರ ಮನೆತನದ ಕ್ರಮ. ತವರಿನವರು ಬರುವಾಗ ಹೊಸ ಸೀರೆಯನ್ನೂ ತವರಿನ ಬಾವಿಯ ನೀರನ್ನೂ ತರಬೇಕು. ಆ ನೀರು ಮೊದಲು ಬಾಯಿಗೆ ಬೀಳಬೇಕು. ಮಕ್ಕಳು ಬಿಡುವ ನೀರು ಆಮೇಲೆ. ತವರಿನ ನೀರು ಬೀಳದೆ ಹೋದ ಹೆಣ್ಣಿಗೆ ಬಾಯಾರಿಕೆ ತೀರುವುದಿಲ್ಲ ಎಂದು ಹಿರಿಯರು ಹೇಳುತ್ತಿದ್ದರು. ಕರಿಯನನ್ನು ಹೆತ್ತ ಅಬ್ಬಿ ಸತ್ತ ದಿನ ಅವಳ ತಮ್ಮ ಕುಂದಾಪುರದ ಕೋಡಿಯಿಂದ ಬಸ್ಸಿನಲ್ಲಿ ಬಂದಿದ್ದ. ಮೊಣಕಾಲ ಮೇಲೆ ತಂಬಿಗೆ ಇಟ್ಟುಕೊಂಡು, ಬ್ರೇಕು ಹಾಕಿದಾಗಲೆಲ್ಲ ಅಂಗೈಯಿಂದ ಅದರ ಬಾಯಿ ಮುಚ್ಚಿಕೊಳ್ಳುತ್ತ ಬಂದಿದ್ದನಂತೆ.

ಸೀತುವಿನ ತವರು ಕೋಡಿಯಷ್ಟು ದೂರವಿಲ್ಲ. ಉಪ್ಪುಂದದ ಕಡಲ ಬದಿಯ ಆ ಓಣಿಯನ್ನು ದಾಟಿದರೆ ಮುಗಿಯಿತು. ತವರಿನಲ್ಲಿ ಉಳಿದ ಗಂಡಸು ಕರಿಯ ಒಬ್ಬನೇ. ಆದರೂ ಯಾರೂ ಅವನಿಗೆ ಹೇಳಲು ಬರಲಿಲ್ಲ. ಬರುವ ಹಾಗಿರಲಿಲ್ಲ. ನಡುವೆ ಆಣೆಯಿತ್ತು.

ಆ ಕಥೆ ಹಳೆಯದು. ಒಂದು ವರ್ಷ ಕರಿಯನ ದೋಣಿಗೆ ಮೀನು ಬೀಳಲಿಲ್ಲ. ಅಕ್ಕಪಕ್ಕದವರು ಬೈಗೆ, ಬಂಗುಡೆ ಮೀನುಗಳನ್ನು ಬುಟ್ಟಿಗಟ್ಟಲೆ ಹೊತ್ತು ತರುವಾಗ ಇವನ ಬಲೆಯಲ್ಲಿ ಪಾಚಿಯೂ ಜೆಲ್ಲಿಮೀನೂ ಬರುತ್ತಿದ್ದವು. ಒಂದು ಬೆಳಿಗ್ಗೆ ದೋಣಿಯ ಹಿಂಬದಿಯ ಹಲಗೆಯಡಿ ಕೆಂಪು ಬಟ್ಟೆಯಲ್ಲಿ ಸುತ್ತಿದ ನಿಂಬೆಹಣ್ಣು ಸಿಕ್ಕಿತು. ಅದಕ್ಕೆ ಮೊಳೆ ಚುಚ್ಚಿತ್ತು. ಸೀತುವಿನ ಗಂಡ ಸೂರ ಆಗಷ್ಟೇ ಭಾವನ ದೋಣಿ ಬಿಟ್ಟು ಸ್ವಂತ ದೋಣಿ ಇಳಿಸಿದ್ದ. ಕರಿಯನಿಗೆ ಬೇರೆ ಯೋಚನೆಯೇ ಬರಲಿಲ್ಲ. ಕಡಲ ತಡಿಯಲ್ಲಿ ಹತ್ತು ಜನರೆದುರು, "ಮಾಟ ಮಾಡ್ದವ ನನ್ನ ಮನಿ ಅನ್ನ ಉಂಡವನೇ" ಎಂದ.

ಸೀತು ಸುಮ್ಮನಿರುವ ಹೆಂಗಸಲ್ಲ. "ಅಣ್ಣ, ಹೇಳುದಾರೆ ಇಲ್ಲ್ ಹೇಳ್ಬೇಡ. ಬೊಬ್ಬರ್ಯನ ನಡಿಗೆ ಬಾ" ಎಂದಳು. ಗುಡಿಯ ಮುಂದೆ ಅವಳು ತನ್ನ ಮನೆಯ ಕೈ ಇದರಲ್ಲಿ ಇಲ್ಲವೆಂದು ಆಣೆ ಮಾಡಿದಳು. ಕರಿಯನೂ ಬಿಡಲಿಲ್ಲ. ಇನ್ನು ಆ ಮನೆಯ ಹೊಸ್ತಿಲು ತುಳಿಯುವುದಿಲ್ಲ, ಆ ಮನೆಯವರ ಕೈಯ ಅನ್ನ ನೀರು ಮುಟ್ಟುವುದಿಲ್ಲ, ತನ್ನ ಮನೆಯ ನೀರು ಅವರ ಬಾಯಿಗೆ ಕೊಡುವುದಿಲ್ಲ. ತಪ್ಪಿದರೆ ತನ್ನ ಮನೆಯ ಕುಡಿ ಒಣಗಲಿ ಎಂದು ಅವನೂ ಆಣೆಯಿಟ್ಟ.

ಆಮೇಲೆ ಸೂರ ಎದೆನೋವಿನಿಂದ ಸತ್ತ. ಆ ಹೊತ್ತಿಗಾಗಲೇ ನಿಂಬೆಹಣ್ಣು ಸೂರನದಲ್ಲ ಎಂದು ಕರಿಯನ ಮನಸ್ಸು ಹೇಳತೊಡಗಿತ್ತು. ಮತ್ತೆ ಯಾರದು? ಕೊನೆಗೂ ಗೊತ್ತಾಗಲಿಲ್ಲ. ಸಿಟ್ಟು ಸತ್ತಿತ್ತು, ಆಣೆ ಬದುಕಿತ್ತು. ಅದನ್ನು ಬಿಡಿಸುವ ದಾರಿಯೇನೂ ಕಷ್ಟದ್ದಲ್ಲ. ಇಬ್ಬರೂ ಸಂಕ್ರಮಣದ ದಿನ ಗುಡಿಗೆ ಹೋಗಿ, ತಪ್ಪಾಯಿತೆಂದು ಹೇಳಿ, ಒಬ್ಬರ ಕೈಯಿಂದ ಒಬ್ಬರು ನೀರು ಕುಡಿದರಾಯಿತು. ಒಮ್ಮೆ ಸೀತುವೇ ಹೇಳಿಕಳಿಸಿದ್ದಳು: ಬಪ್ಪ ಸಂಕ್ರಮಣಕ್ಕೆ ಹೋಪನಾ ಅಂತ ಅಣ್ಣನ್ನ ಕೇಣಿ. ಕರಿಯ, ಮಳೆಗಾಲ ಕಳೆಯಲಿ ಎಂದ. ಮಳೆಗಾಲ ಕಳೆಯುವಷ್ಟರಲ್ಲಿ ಅವಳಿಗೆ ಕಿಡ್ನಿಯ ಕಾಯಿಲೆ ಬಂತು. ಗುಡಿಯ ತನಕ ನಡೆಯುವ ಕಾಲೂ ಉಳಿಯಲಿಲ್ಲ.

ಆಗಲಾದರೂ ಕರಿಯ ತಾನಾಗಿ ಓಣಿ ದಾಟಿ ಹೋಗಬಹುದಿತ್ತು. ಹೋಗಲಿಲ್ಲ. ದೈವದ ಮಾತು ಮೀರಬಾರದೆಂದು ಎಲ್ಲರಿಗೂ ಹೇಳಿದ. ಹಾಗೆ ಹೇಳುವುದು ಸುಲಭವಾಗಿತ್ತು.

ಸೀತುವಿನ ಮಗ ಅಜಿತ್ ಆಳಸಮುದ್ರದ ಬೋಟಿನಲ್ಲಿದ್ದ. ವಯರ್‌ಲೆಸ್ಸಿನಲ್ಲಿ ಸುದ್ದಿ ಮುಟ್ಟಿ, ಬೋಟು ಕಾರವಾರದ ಆಚೆಯಿಂದ ತಿರುಗಿತ್ತು. ಅವನು ಬಂದ ಮೇಲೆ, ಸಂಜೆಯ ಮೊದಲು ದಹನವೆಂದು ಊರವರು ನಿಶ್ಚಯಿಸಿದರು. ಕರಿಯನಿಗಿದ್ದ ಸಮಯ ಅಷ್ಟೇ.

ಅವನು ಹೆಗಲಿಗೆ ಬೈರಾಸು ಹಾಕಿಕೊಂಡು ಗುಡಿಯ ಕಡೆ ನಡೆದ. ಸಾವಿನ ಸೂತಕ ಅವನಿಗೂ ಬಂದಿತ್ತು. ಆದ್ದರಿಂದ ಆವರಣದ ಗೋಡೆಯ ಹೊರಗೇ ನಿಂತು ಕೂಗಿದ. ಪಾತ್ರಿ ಸುಧಾಕರ ಹೊರಗೆ ಬಂದ. ದರ್ಶನದ ದಿನ ಮೈಮೇಲೆ ದೈವ ಬಂದು ನುಡಿ ಕೊಡುವವನು ಅವನೇ. ಉಳಿದ ದಿನ ಬಂದರಿನ ಐಸ್ ಪ್ಲಾಂಟಿನಲ್ಲಿ ಕೆಲಸ. ಈಗಲೂ ಕೆಲಸಕ್ಕೆ ಹೊರಟವನ ಹಾಗೆ ರಬ್ಬರ್ ಬೂಟು ಹಾಕಿಕೊಂಡಿದ್ದ.

"ಸುಧಾಕರ, ಇವತ್ತೇ ಆಣೆ ಬಿಡ್ಸುಕ್ ಆತ್ತಾ?"

"ಎರಡೂ ಬದಿಯವ್ರ್ ಬರ್ಕಲ್ಲ ಕರಿಯಣ್ಣ."

"ಅವ್ಳ್ ಬಪ್ಪುದ್ ಹ್ಯಾಂಗೆ ಮಾರಾಯ? ಅಂಗಳದಲ್ಲ್ ಮಲ್ಗಿತ್ಲ್."

"ಅವ್ರ ಬದಿಂದ ಮಕ್ಕಳ್ ಬಂದ್ರೂ ಆತ್ತ್. ಆದ್ರೆ ಸೂತಕ ಕಳೂಕ್. ಸೂತಕದಲ್ಲಿ ನೀವೂ ಒಳ್ಗ್ ಬಪ್ಪುಕಿಲ್ಲೆ, ಅವ್ರೂ ಬಪ್ಪುಕಿಲ್ಲೆ."

"ಅಂದ್ರೆ ಅವ್ಳ್ ಸತ್ತದ್ರಿಂದ ಆಣೆ ಬಿಡ್ಸುಕಾತಿಲ್ಲೆ. ಆಣೆ ಬಿಡ್ಸದೆ ಸತ್ತವಳಿಗೆ ನೀರ್ ಕೊಡುಕಾತಿಲ್ಲೆ. ಸಮಾ ಇತ್ತಲ್ಲ ನಿನ್ನ ಲೆಕ್ಕ!"

"ನನ್ನ ಲೆಕ್ಕ ಅಲ್ದೇ. ಹಿರಿಯರ್ ಮಾಡಿಟ್ಟದ್." ಸುಧಾಕರ ಬೂಟಿನ ತುದಿಯಿಂದ ಮರಳು ಕೆದಕಿದ. "ದೈವ ಎಂತ ಹೇಳತ್ತ್ ಅಂತ ದರ್ಶನ ಇಲ್ದೆ ನಾ ಹೇಳುಕಿಲ್ಲೆ. ಸುಧಾಕರ ಎಂತ ಹೇಳ್ತ ಅಂದ್ರೆ ಹೇಳ್ಲಕ್ಕ್. ನಿಮ್ಗ್ ಅದ್ ಬೇಡ."

"ಹೇಳ್ ಕಾಂಬ."

"ಹೋಯಿ ನೀರ್ ಬಿಡಿ ಅಂಬೆ ನಾನ್. ಆದ್ರೆ ನಾಳಿಗ್ ನಿಮ್ಮನಿಯಾಗೆ ಏನಾರ್ ಆದ್ರೆ, ಸುಧಾಕರ ಹೇಳ್ದ ಅಂತ ನಿಮ್ಮ ಮಗ ರತನ್ ನನ್ನ ಕುತ್ತಿಗಿ ಹಿಡಿತ. ಅದ್ಕೆ ನಾ ಹೇಳ್ಲಿಲ್ಲೆ ಅಂತ ತಿಳ್ಕಣಿ."

ಅಷ್ಟು ಹೇಳಿ, ಹೇಳದವನ ಹಾಗೆ ಮುಖ ಮಾಡಿಕೊಂಡು ಸೈಕಲ್ಲು ಹತ್ತಿದ.

ಬಿಸಿಲು ನೆತ್ತಿಗೇರುವ ತನಕ ಕರಿಯ ಗೋಡೆಗೆ ಒರಗಿ ನಿಂತ. ಒಳಗೆ ಮುಚ್ಚಿದ ಬಾಗಿಲ ಹಿಂದೆ ದೀಪ ಉರಿಯುತ್ತಿತ್ತೋ ಇಲ್ಲವೋ ಕಾಣುತ್ತಿರಲಿಲ್ಲ. ಬದುಕಿನುದ್ದಕ್ಕೂ ದೋಣಿ ಇಳಿಸುವ ಮೊದಲು ಇಲ್ಲಿ ಅಡ್ಡಬಿದ್ದವನು ಅವನು. ಕಡಲಿನಲ್ಲಿ ಎರಡು ಸಲ ದೋಣಿ ಮಗುಚಿದಾಗಲೂ ಇದೇ ಹೆಸರನ್ನು ಕೂಗಿದ್ದ. ಕೈಹಿಡಿದ ದೈವಕ್ಕೆ ಮಾತು ತಪ್ಪುವುದು ಸಣ್ಣ ಸಂಗತಿಯೇ? ಆದರೆ ಅಲ್ಲಿ ಅಂಗಳದಲ್ಲಿ ಮಲಗಿದವಳ ಬಾಯಿ ಒಣಗಿದೆ. ಇದೂ ಸಣ್ಣದಲ್ಲ. ಎರಡನ್ನೂ ತೂಗುವ ತಕ್ಕಡಿ ಅವನ ಹತ್ತಿರ ಇರಲಿಲ್ಲ.

ಮನೆಗೆ ಬಂದಾಗ ಮಗ ರತನ್ ಬಂದರಿನಿಂದ ಬಂದು ಜಗಲಿಯಲ್ಲಿ ಕುಳಿತಿದ್ದ. ಸೊಸೆ ತೃಷಾ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಅವಳಿಗೆ ಆರು ತಿಂಗಳು. ಹೋದ ವರ್ಷ ಒಂದು ಬಸಿರು ನಿಲ್ಲದೆ ಹೋಗಿತ್ತು. ಆಮೇಲೆ ರತನ್ ಎಲ್ಲ ದೇವರಿಗೂ ಹೆದರುವವನಾಗಿದ್ದ. ಹೆಂಡತಿಯ ಸೊಂಟದಲ್ಲಿ, ತೋಳಿನಲ್ಲಿ ನೂಲು ಕಟ್ಟಿಸಿದ್ದ.

"ಅಪ್ಪಯ್ಯ, ಸೀರೆ ನಾ ತಂದಿದೆ. ದೂರದಿಂದ ಇಟ್ಟಿಕ್ ಬನಿ. ಸೀರಿಗೆ ಆಣೆ ಇಲ್ಲೆ," ಎಂದ. "ನೀರ್ ಮಾತ್ರ ಬ್ಯಾಡ. ಕುಡಿ ಒಣಗ್ಲಿ ಅಂತ ಹೇಳ್ದವ್ರ್ ನೀವೇ. ಕುಡಿ ಎಲ್ಲಿತ್ತ್ ಕಾಣಿ." ಅವನು ಹೆಂಡತಿಯ ಕಡೆ ತೋರಿಸಿದ. ತೃಷಾ ಸೆರಗನ್ನು ಹೊಟ್ಟೆಯ ಮೇಲೆ ಎಳೆದುಕೊಂಡಳು.

ಕರಿಯನ ಕಣ್ಣು ಸೊಸೆಯ ತೋಳಿನ ನೂಲಿನ ಮೇಲೆ ಬಿತ್ತು. ಮಗನ ಭಯ ಸುಳ್ಳಲ್ಲ. ಆ ಮಾತನ್ನು ಆಡಿದ ನಾಲಗೆ ತನ್ನದೇ.

ಆಗ ಓಣಿಯ ನಡುವೆ ಸೀತುವಿನ ಮಗಳು ಅಮಿತಾ ಬಂದು ನಿಂತಳು. ತಾಯಿಯನ್ನು ಎರಡು ವರ್ಷ ನೋಡಿಕೊಂಡವಳು. ಅತ್ತು ಕಣ್ಣು ಊದಿತ್ತು, ಕೂದಲು ಬಿಚ್ಚಿತ್ತು. ಆಣೆಯ ಗಡಿ ಎಲ್ಲಿದೆಯೆಂದು ತಿಳಿದವಳ ಹಾಗೆ ಮರಳಿನ ನಡುವೆಯೇ ನಿಂತಳು.

"ಮಾವ, ಅಬ್ಬಿನ್ನ ಮೀಶಿ ಆಯ್ತ್. ಅಜಿತ್ ಗಂಗೊಳ್ಳಿಗ್ ಮುಟ್ಟಿದ. ನೀರ್ ಯಾರ್ ಬಿಡುದ್ ಅಂತ ಎಲ್ಲ ಕೇಂತಿದ್ರ್. ನಾ ಎಂತ ಹೇಳ್ಲಿ?"

"ಹೆಣ್ಣೇ, ನಂಗ್ ಆಣಿ ಇತ್ತಲೆ," ಎಂದ ಕರಿಯ.

"ಯಾವ ಆಣಿ?" ಅಮಿತಾ ಒಮ್ಮೆಲೆ ಕೂಗಿದಳು. "ಬೇಸಿಗ್ಯಾಗೆ ನಮ್ಮ ಬಾವಿ ನೀರ್ ಉಪ್ಪಾತ್ತ್. ಅಷ್ಟ್ ವರ್ಷ ಅಬ್ಬಿ ಎಲ್ಲಿ ನೀರ್ ಕುಡ್ದದ್ ಅಂತ ಮಾಡಿದ್ರಿ? ನಿಮ್ಮ ಬಾವಿದ್ದೇ. ನಿಮ್ಮ ಹಿಂದಿನ ಬೇಲಿಯಾಗೆ ತೃಷಾ ಕೊಡ್ತಿದ್ಲ್. ಡಾಕ್ಟ್ರ್ ನೀರ್ ಅಳತಿಯಾಗೆ ಕೊಡಿ ಅಂದ ಮೇಲೆ, ಆ ಒಂದ್ ಲೋಟವೂ ಅದೇ!"

ತೃಷಾಳ ಮುಖ ಬಿಳುಚಿತು.

"ಮತ್ತೆ ನೀವ್ ಉಂಡದ್ದ್?" ಅಮಿತಾ ಈಗ ನಿಲ್ಲುವ ಹಾಗಿರಲಿಲ್ಲ. "ಸೊಸಿ ಮಾಡುವ ಬಂಗುಡಿ ಗಸಿ ನಿಮ್ಮ ಅಬ್ಬಿ ಕೈ ರುಚಿ ಬತ್ತ್ ಅಂತ ಊರಿಡೀ ಹೇಳ್ಕಂಡ್ ತಿರ್ಗ್ತಿದ್ರಲ್ಲ. ತೃಷಾ ಬ್ರಹ್ಮಾವರದಾಗೆ ಮೊಬೈಲ್ ಅಂಗಡಿಲಿದ್ದವ್ಳ್. ಅವ್ಳಿಗ್ ಅಜ್ಜಿ ಕೈ ರುಚಿ ಎಲ್ಲಿಂದ ಬಂತ್? ಮಸಾಲಿ ಕಡ್ದದ್ ನನ್ನ ಅಬ್ಬಿ!"

ರತನ್ ಎದ್ದುನಿಂತ. ಹೆಂಡತಿಯ ಕಡೆ ತಿರುಗಿ, "ಹೌದಾ?" ಎಂದ. ಅವಳು ತಲೆಯಾಡಿಸಿದಳು. "ಹೋದ್ ವರ್ಷವೂ?" ಮತ್ತೆ ತಲೆಯಾಡಿಸಿದಳು. ಅವನು ಒಂದು ಹೆಜ್ಜೆ ಅವಳ ಕಡೆಗೆ ಇಟ್ಟ. "ಹಾಂಗಾರೆ ಅದೇ. ಅದಕ್ಕೇ ಅದ್ ಹೋದ್ದ್. ನೀನೇ ಕಳ್ದದ್!"

ತೃಷಾ ಅಳಲಿಲ್ಲ. ಬಹಳ ಕಾಲ ಈ ಮಾತಿಗೇ ಕಾದಿದ್ದವಳಂತೆ ಬಾಗಿಲಲ್ಲಿ ಕುಸಿದು ಕುಳಿತಳು. "ನಾನೂ ಹಾಂಗೇ ಎಣ್ಸಿಕಂಡಿದೆ. ದಿನಾ ಎಣ್ಸ್ತೆ," ಎಂದಳು. "ಬಾಯಾರಿದವ್ರಿಗೆ ನೀರ್ ಕೊಟ್ಟದ್ದ್ ತಪ್ಪಾ ಅಂತ ಯಾರ ಹತ್ರ ಕೇಂಬುದ್ ಅಂತ ಗೊತ್ತಾಯ್ಲಿಲ್ಲೆ."

ಕರಿಯ ಸೊಸೆಯನ್ನು ನೋಡಿದ. ಇಷ್ಟು ದಿನ ಈ ಹುಡುಗಿ ಮಾವನ ಆಣೆಯನ್ನು ತಾನೊಬ್ಬಳೇ ಹೊತ್ತಿದ್ದಾಳೆ. ತಾನು ಮೇಲೆ ಜಗಲಿಯಲ್ಲಿ ಕುಳಿತು ಗಸಿಯನ್ನು ಎರಡನೆಯ ಸಲ ಬಡಿಸಿಕೊಳ್ಳುತ್ತಿದ್ದ. ಆ ರುಚಿ ಯಾರದೆಂದು ನಿಜವಾಗಿಯೂ ತನಗೆ ತಿಳಿದಿರಲಿಲ್ಲವೇ? ತಿಳಿಯದವನು ಎಲ್ಲಿಂದ ಕಲಿತೆ ಎಂದು ಕೇಳುತ್ತಾನೆ. ತಾನು ಒಂದು ದಿನವೂ ಕೇಳಲಿಲ್ಲ.

"ಅಮಿತಾ," ಎಂದ. "ನೀರ್ ಎಲ್ಲಿದ್ದ್ ಅಂತ ಸೀತುಗ್ ಗೊತ್ತಿತಾ?"

ಅಮಿತಾಳ ಸಿಟ್ಟು ಇಳಿದಿತ್ತು. "ನಲ್ಲಿದ್ದ್ ಅಂತ ಹೇಳ್ತಿದ್ದೆ. ಒಂದಿನ ಲೋಟ ಹಿಡ್ಕಂಡ್, ಈ ಪಂಚಾಯ್ತಿಯವ್ರ್ ನಮ್ಮ ಅಪ್ಪಯ್ಯ ತೋಡಿದ ಬಾವಿಗೇ ಪೈಪ್ ಹಾಕಿದ್ರ್ ಕಾಂತ್ತ್ ಅಂತ ನೆಗ್ಯಾಡ್ದ್ಲ್. ಮತ್ತೆಂತ ಹೇಳ್ಲಿಲ್ಲೆ."

ಕರಿಯ ಬಾವಿಯ ಕಡೆ ಹೊರಟ. ರತನ್ ಅಡ್ಡ ಬಂದು ನಿಂತ.

"ಅಪ್ಪಯ್ಯ, ಬ್ಯಾಡ. ಒಂದ್ಸಲ ಆದ್ದ್ ಸಾಕ್."

"ಮಗಾ, ಕೇಣ್. ತೃಷಾ ನೀರ್ ಕೊಟ್ಟದ್ದಕ್ಕೆ ದೈವ ಹುಟ್ಟದ ಮಗುವನ್ನ ತಕಂಡ್ ಹೋಯ್ತ್ ಅಂತ ನೀ ಹೇಳ್ತೆ. ಅದ್ ಸತ್ಯ ಆದ್ರೆ, ನಾ ಇಷ್ಟ್ ವರ್ಷ ಕೈಮುಗ್ದದ್ ಯಾರಿಗೆ? ಹಾಂಗಿದ್ದವಂಗೆ ನಾ ಹೆದ್ರುಕಾತ್ತ್, ಕೈಮುಗುಕಾತಿಲ್ಲೆ."

"ಸತ್ಯ ಅಲ್ದೇ ಅಂತ ಗ್ಯಾರಂಟಿ ಇತ್ತಾ ನಿಮ್ಗೆ?"

ಕರಿಯನಿಗೆ ಮಗನೆದುರು ಸುಳ್ಳು ಹೇಳಲು ಮನಸ್ಸಾಗಲಿಲ್ಲ.

"ಇಲ್ಲೆ," ಎಂದ. "ಗ್ಯಾರಂಟಿ ಇಲ್ಲೆ. ಡಾಕ್ಟ್ರ್ ಬೇರೆ ಕಾರಣ ಹೇಳಿದ್ರ್, ನೀ ನಂಬ್ಲಿಲ್ಲೆ. ನಂಗೂ ಪೂರಾ ಧೈರ್ಯ ಇಲ್ಲೆ. ಆದ್ರೆ ಆಣಿ ಇಟ್ಟದ್ದ್ ನಾನ್. ಮುರೂಕಿದ್ರೆ ನನ್ನ ಕೈಯಾಗೇ ಮುರೂಕ್. ಇನ್ನ್ ಹೆಣ್ಮಕ್ಕಳ್ ಬೇಲಿ ಹಿಂದ್ ನಿಂತ್ ಮುರಿಯುದ್ ಬ್ಯಾಡ."

ರತನ್ ದಾರಿ ಬಿಟ್ಟ. ಒಪ್ಪಿ ಬಿಟ್ಟದ್ದಲ್ಲ. ಮುಖ ತಿರುಗಿಸಿ, ಬೈಕು ಹತ್ತಿ, ಹೆಂಡತಿಯನ್ನೂ ನೋಡದೆ ಹೆದ್ದಾರಿಯ ಕಡೆ ಹೋದ. ಆ ಬೈಕಿನ ಸದ್ದು ಬಹಳ ಹೊತ್ತು ಕರಿಯನ ಕಿವಿಯಲ್ಲಿತ್ತು.

ತೃಷಾ ಎದ್ದು ಕೊಡಪಾನಕ್ಕೆ ಕೈಹಾಕಿದಳು. "ನೀ ಬಿಡ್" ಎಂದು ಕರಿಯ ತಾನೇ ಹಗ್ಗ ಇಳಿಸಿದ. ಬಾವಿ ಅಪ್ಪ ತೋಡಿದ್ದು. ಸಣ್ಣವಳಿದ್ದಾಗ ಸೀತು ಇದರ ಕಟ್ಟೆಯ ಮೇಲೆ ಹೊಟ್ಟೆ ಊರಿ ಮಲಗಿ, ಒಳಗೆ ಬಗ್ಗಿ ತನ್ನ ಹೆಸರನ್ನೇ ಕೂಗುತ್ತಿದ್ದಳು. ನೀರು ಅವಳ ಹೆಸರನ್ನು ತಿರುಗಿ ಹೇಳುತ್ತಿತ್ತು. ಇವನು ಅವಳ ಕಾಲು ಹಿಡಿದುಕೊಂಡು, ಬೀಳಬಾರದೆಂದು ಬೈಯುತ್ತಿದ್ದ. ಕರಿಯ ಮೊದಲ ಕೊಡವನ್ನು ತನ್ನ ತಲೆಯ ಮೇಲೆ ಸುರಿದುಕೊಂಡ. ಎರಡನೆಯದರಿಂದ ಅಬ್ಬಿಯ ಕಾಲದ ತಂಬಿಗೆಗೆ ತುಂಬಿಸಿದ. ತೃಷಾ ಎರಡು ಎಸಳು ತುಳಸಿ ತಂದು ಹಾಕಿದಳು.

"ಮಾವ, ನಾನೂ ಬತ್ತೆ."

"ಬಸ್ರಿ ಹೆಂಗ್ಸ್ ಹೆಣ ಕಾಂಬುಕಿಲ್ಲೆ," ಎಂದವನು ತಡೆದ. ಇದನ್ನೂ ಹಿರಿಯರು ಮಾಡಿಟ್ಟದ್ದೇ. ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕೆಂದು ಈ ವಯಸ್ಸಿನಲ್ಲೂ ತನಗೆ ತಿಳಿಯುವುದಿಲ್ಲವಲ್ಲ ಎಂದುಕೊಂಡ. "ಜಗಲಿಲಿ ಕೂಕೊ ಮಗಾ. ಅಲ್ಲಿಂದ ಕಾಂತ್ತ್. ನೀ ಕೊಡುದನ್ನೆಲ್ಲ ಕೊಟ್ಟಾಯ್ತ್."

ಅವನು ಓಣಿ ದಾಟಿದ. ಒದ್ದೆ ಪಂಚೆ ಕಾಲಿಗೆ ಅಂಟುತ್ತಿತ್ತು. ಕೆಂಪು ಕುರ್ಚಿಗಳಲ್ಲಿ ಕುಳಿತವರು ಮಾತು ನಿಲ್ಲಿಸಿದರು. ಹಿಂದಿನ ಸಾಲಿನಲ್ಲಿ ಯಾರೋ, "ಕರಿಯಣ್ಣ ಬಂದ್ರಾ!" ಎಂದರು, ಇನ್ಯಾರೋ, "ಹ್ವಾಯ್, ಆಣಿ?" ಎಂದು ಕೇಳಿದರು. ಕರಿಯ ಅಂಗಳದ ನಡುವಿಗೆ ನಡೆದ. ಬಂದರಿನಿಂದ ನೇರ ಬಂದಿದ್ದ ಅಜಿತ್, ಡೀಸೆಲ್ ವಾಸನೆಯ ಅಂಗಿಯಲ್ಲೇ, ಎದ್ದು ಮಾವನಿಗೆ ಜಾಗ ಬಿಟ್ಟ.

ಬಾಳೆಯೆಲೆಯ ಮೇಲೆ ಸೀತು ಮಲಗಿದ್ದಳು. ಎಷ್ಟೋ ವರ್ಷದಿಂದ ಅವಳನ್ನು ಓಣಿಯ ಆಚೆಯಿಂದಲೇ ಕಂಡಿದ್ದ. ಹತ್ತಿರದಿಂದ ನೋಡಿದರೆ ಅಬ್ಬಿಯ ಮುಖವೇ. ತುಟಿ ಒಡೆದಿತ್ತು. ಕರಿಯ ಮೊಣಕಾಲೂರಿ ಕುಳಿತ, ಸೀರೆಯನ್ನು ಹೊದಿಸಿದ, ತಂಬಿಗೆ ಎತ್ತಿದ. ಓಣಿಯ ಆಚೆ ಜಗಲಿಯಲ್ಲಿ ತೃಷಾ ಕುಳಿತದ್ದನ್ನು ಒಮ್ಮೆ ನೋಡಿದ. ಅವಳ ಎರಡು ಕೈಗಳೂ ಹೊಟ್ಟೆಯ ಮೇಲಿದ್ದವು. ಆ ಒಂದು ಗಳಿಗೆ ಅವನಿಗೆ ಎದ್ದು ಹೋಗಿಬಿಡೋಣ ಎನ್ನಿಸಿತು. ಎದ್ದರೆ ಇನ್ನೆಂದೂ ಇಲ್ಲಿ ಕೂರಲಾರೆ ಎಂದೂ ಅನ್ನಿಸಿತು.

ತುಳಸಿಯೆಸಳಿನಿಂದ ಅವಳ ತುಟಿ ಒದ್ದೆ ಮಾಡಿ ನೀರು ಬಿಟ್ಟ. ಸ್ವಲ್ಪ ಒಳಗೆ ಹೋಯಿತು. ಉಳಿದದ್ದು ಬಾಯಿಯ ಅಂಚಿನಿಂದ ಇಳಿದು ಕುತ್ತಿಗೆಯ ಮಡಿಕೆಯಲ್ಲಿ ನಿಂತಿತು. ಕರಿಯ ಅದನ್ನು ಬೈರಾಸಿನಿಂದ ಒರೆಸಿದ.

"ಕುಡಿ ತಂಗಿ," ಎಂದ. "ಪಂಚಾಯ್ತಿ ನಲ್ಲಿದ್ದಲ್ಲ."

ಆಮೇಲೆ ಎದ್ದು, ಕಡಲ ಬದಿಯ ಗುಡಿಯ ಕಡೆ ತಿರುಗಿ, ಒದ್ದೆ ಕೈಗಳನ್ನು ಜೋಡಿಸಿದ. ಅಷ್ಟು ವರ್ಷ ಕೇಳಿದ್ದೆಲ್ಲ ಮೀನು, ಗಾಳಿ, ಮಕ್ಕಳ ಆರೋಗ್ಯ. ಈಗ ಮಾತುಗಳು ಒಂದೊಂದಾಗಿ ಬಂದವು.

ಸ್ವಾಮೀ ಬೊಬ್ಬರ್ಯ, ನಿನ್ನ ಮುಂದೆ ಆಡಿದ ಮಾತನ್ನು ನಾನು ಮುರಿದೆ. ಸರಿಯೋ ತಪ್ಪೋ ನನಗೆ ತಿಳಿಯದು, ನಿನಗೆ ತಿಳಿದಿದೆ. ತಪ್ಪಾದರೆ ಈ ಮುದಿ ತಲೆಯ ಮೇಲೆ ಹಾಕು. ಆ ಜಗಲಿಯಲ್ಲಿ ಕುಳಿತವಳ ಕಡೆ, ಅವಳ ಹೊಟ್ಟೆಯ ಕಡೆ ನೋಡಬೇಡ. ನೋಡಿದರೆ ಕಾಯುವ ಕಣ್ಣಿನಿಂದ ನೋಡು. ನನ್ನ ತಂಗಿ ಜೋರು ಬಾಯಿಯವಳು, ಸುಳ್ಳು ಹೇಳಿದವಳಲ್ಲ. ಬಾಯಾರಿ ಬರುತ್ತಿದ್ದಾಳೆ. ದಾರಿಯಲ್ಲಿ ಅವಳಿಗೆ ಬಿಸಿಲು ತಾಗದಿರಲಿ, ಬಾಯಿ ಒಣಗದಿರಲಿ. ಅವಳ ಜೀವಕ್ಕೆ ತಂಪು ಕೊಡು, ಸ್ವಾಮಿ. ಶಾಂತಿ ಕೊಡು.